ವಿಧಿಯನ್ನು ಕಟಕಟೆಗೆ ತಂದ ಕಲ್ಯಾಣ

ಒಂದು ಮದುವೆ, ಎರಡು ತಲೆದಂಡ, ಒಬ್ಬ ಅರಸನ ಕೊಲೆ: ಹನ್ನೆರಡನೆಯ ಶತಮಾನದ ಈ ದುರಂತ ಕನ್ನಡ ನಾಟಕಕಾರರನ್ನು ಮತ್ತೆ ಮತ್ತೆ ಕಲ್ಯಾಣಕ್ಕೆ ಎಳೆದು ತಂದಿದೆ. ಕಲಬುರಗಿ ಸೀಮೆಯ ಜಾತ್ರೆಯ ರಂಗದಲ್ಲಿ ವಿಧಿಗೆ ಕಣ್ಣೀರು ಸುರಿಸುವ ಪ್ರೇಕ್ಷಕನಿಗೆ, ಅದೇ ನೆಲದಲ್ಲಿ ನಡೆದ ಕಥೆ ಕೇಳುವ ಪ್ರಶ್ನೆಯೇ ಬೇರೆ.

ಕಲ್ಯಾಣ ಪಟ್ಟಣದ ಬ್ರಾಹ್ಮಣರ ಕೇರಿಯ ಮನೆಯೊಂದರಲ್ಲಿ ವೃದ್ಧ ಸಾಂಬಶಿವ ಶಾಸ್ತ್ರಿಗಳು ಕೊನೆಯುಸಿರೆಳೆಯುತ್ತ ಮಗ ಜಗದೇವನನ್ನು ಕನವರಿಸುತ್ತಿದ್ದಾರೆ. ಮಗನಾದರೋ ಅರಮನೆಯ ಬೊಕ್ಕಸವನ್ನು ಸುತ್ತುವರಿದ ಶರಣರ ಮುಂದಾಳಾಗಿ ನಿಂತು ಮನೆಯ ಕಡೆ ಮುಖ ಹಾಕಿಲ್ಲ. ಕೊನೆಗೊಮ್ಮೆ ಬಂದಾಗ ಅವನ ಜೊತೆಯಲ್ಲಿ ಚರ್ಮ ಹದಮಾಡುವವರ ಮನೆಯ ಮಲ್ಲಿಬೊಮ್ಮನಿದ್ದಾನೆ.

ಆ ಕೇರಿಗೆ ಕಾಲಿಟ್ಟದ್ದೇ ಹೆಚ್ಚಾಯಿತೆಂದು ಮಲ್ಲಿಬೊಮ್ಮ ಹಿಂಜರಿಯುತ್ತಾನೆ, ಒಳಗೆ ಬರಲೇಬೇಕೆಂದು ಜಗದೇವ ಹಟ ಹಿಡಿಯುತ್ತಾನೆ, ಮನೆಯ ಹೆಂಗಸರು ಸಾವಿನ ಸಂಕಟದ ನಡುವೆ ಮೈಲಿಗೆಯ ಭಯವನ್ನೂ ನುಂಗಿಕೊಳ್ಳಬೇಕಾಗುತ್ತದೆ. ಗೆಳೆಯನನ್ನು ಹೊಸ್ತಿಲು ದಾಟಿಸುವುದು ನ್ಯಾಯ, ಸಾಯುವ ತಂದೆಯ ಬಳಿ ಕೂರುವುದು ಕರುಣೆ. ಎರಡೂ ಒಂದೇ ಗಳಿಗೆಯಲ್ಲಿ ಎದುರಾದಾಗ ಮಗ ನ್ಯಾಯವನ್ನು ಆರಿಸಿಕೊಂಡು ಕರುಣೆಯನ್ನು ಮರೆಯುತ್ತಾನೆ.

ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕ ತೆರೆದುಕೊಳ್ಳುವುದು ಹೀಗೆ. ಸರಿಯಾದುದನ್ನೇ ಮಾಡಲು ಹೊರಟವನ ಕೈಯಿಂದ ನಡೆಯುವ ತಪ್ಪು ಎಂಥದು ಎಂಬ ಪ್ರಶ್ನೆ ಮೊದಲ ದೃಶ್ಯದಲ್ಲಿಯೇ ಮೊಳೆತು, ನಾಟಕದ ಕೊನೆಯ ಕೊಲೆಯವರೆಗೂ ಬೆಳೆಯುತ್ತ ಹೋಗುತ್ತದೆ.

### ಗಂಜ್‌ನಿಂದ ಕಲ್ಯಾಣದ ದಾರಿ

ಈ ನಾಟಕದ ಕಲ್ಯಾಣ ಕಲಬುರಗಿಯವರಿಗೆ ದೂರದ ಊರಲ್ಲ. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆಯ ದವಸಧಾನ್ಯದ ವಹಿವಾಟು ನಡೆಯುವ ನೆಹರು ಗಂಜ್‌ನಿಂದ ಹೊರಟು, ಮಹಾಗಾಂವ ಕ್ರಾಸ್ ದಾಟಿ, ಕೆಂಪು ಬಾಳೆಗೆ ಪ್ರಸಿದ್ಧವಾದ ಕಮಲಾಪುರವನ್ನು ಹಾದು, ಹುಮನಾಬಾದ್ ಮಾರ್ಗವಾಗಿ ಸಾಗಿದರೆ ಸುಮಾರು 80 ಕಿ.ಮೀ. ಅಂತರದಲ್ಲಿ ಬಸವಕಲ್ಯಾಣ ಸಿಗುತ್ತದೆ.

ಪಶ್ಚಿಮ ಚಾಲುಕ್ಯರ ರಾಜಧಾನಿಯಾಗಿದ್ದ ಈ ಪಟ್ಟಣ ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಕಲಚುರಿ ವಂಶದ ಬಿಜ್ಜಳನ ಕೈಸೇರಿತು. ಆತನ ಭಂಡಾರಿಯಾಗಿದ್ದ ಬಸವಣ್ಣ ಇಲ್ಲಿಯೇ ಜಾತಿಯ ಗೋಡೆಗಳನ್ನು ಒಡೆದ ಶರಣ ಸಮುದಾಯವೊಂದನ್ನು ಕಟ್ಟಿದರು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಅನಂತರ ಹೈದರಾಬಾದ್ ಕರ್ನಾಟಕವೆಂದು ಕರೆಸಿಕೊಂಡ ಈ ಸೀಮೆ 2019ರಲ್ಲಿ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಪಡೆದದ್ದು ಆ ಪಟ್ಟಣದ ನೆನಪಿನಿಂದಲೇ.

ಮಾರ್ಚ್ ತಿಂಗಳು ಈ ಭಾಗದಲ್ಲಿ ನಾಟಕವನ್ನು ನೆನೆಯಲು ಎರಡು ನೆಪಗಳನ್ನು ಒದಗಿಸುತ್ತದೆ. ಹೋಳಿ ಹುಣ್ಣಿಮೆಯ ಬೆನ್ನಿಗೆ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥ ಎಳೆಯುವ ಜಾತ್ರೆ ಸೇರುತ್ತದೆ. ಇಂಟರ್‌ನ್ಯಾಷನಲ್ ಥಿಯೇಟರ್ ಇನ್‌ಸ್ಟಿಟ್ಯೂಟ್ 1962ರಿಂದ ಆಚರಣೆಗೆ ತಂದ ವಿಶ್ವ ರಂಗಭೂಮಿ ದಿನ ಅದೇ ತಿಂಗಳ 27ರಂದು ಬರುತ್ತದೆ. ಮೊದಲನೆಯದು ಜನಸಾಗರ ಸೇರುವ ಹಬ್ಬ, ಎರಡನೆಯದು ನಗರದ ರಂಗಾಸಕ್ತರ ಆಚರಣೆ. ಈ ಎರಡು ಬಳಗಗಳು ನೋಡುವ ನಾಟಕಗಳೂ ಬಹುಮಟ್ಟಿಗೆ ಬೇರೆ ಬೇರೆ. ಒಂದರಲ್ಲಿ ವಿಧಿ ನಾಯಕ, ಇನ್ನೊಂದರಲ್ಲಿ ಮನುಷ್ಯನ ನಿರ್ಧಾರ ನಾಯಕ.

### ಬೆಳಗಿನವರೆಗೆ ನಡೆಯುವ ವಿಧಿ

ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಪೌರಾಣಿಕ ನಾಟಕ ರಂಗಕ್ಕೇರುವುದು ಒಂದು ರಾತ್ರಿಯ ಕೆಲಸವಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಊರಿನ ಹುಡುಗರು ಗುಂಪು ಕಟ್ಟಿ, ಮಾತು ಮತ್ತು ಹಾಡು ಕಲಿಸಲು ನಾಟಕದ ಮಾಸ್ತರನನ್ನು ಕರೆಸಿ, ಪೇಟಿಯ ಮುಂದೆ ಕುಳಿತು ವಾರಗಟ್ಟಲೆ ತಾಲೀಮು ನಡೆಸುತ್ತಾರೆ. ತಾಲೀಮು ಎಂಬುದು ಗರಡಿಯ ಪೈಲ್ವಾನರ ಮಾತಾದರೂ ಈ ಸೀಮೆಯಲ್ಲಿ ನಾಟಕದ ಅಭ್ಯಾಸಕ್ಕೂ ಅದೇ ಹೆಸರು.

ಸ್ತ್ರೀಪಾತ್ರಗಳಿಗೆ ವೃತ್ತಿ ಕಲಾವಿದೆಯರು ಬೇರೆ ಊರುಗಳಿಂದ ಬರುತ್ತಾರೆ, ಅರಮನೆ ಮತ್ತು ಅರಣ್ಯದ ಪರದೆಗಳನ್ನು ಬಾಡಿಗೆಗೆ ತರಲಾಗುತ್ತದೆ, ಹೊಲದಲ್ಲಿ ಕಳೆ ಕಿತ್ತ ಕೈಗೆ ಗದೆ ಬರುತ್ತದೆ. ಮೆಚ್ಚಿದ ಪಾತ್ರಧಾರಿಗೆ ನಾಟಕದ ನಡುವೆಯೇ ರಂಗದ ಮೇಲೆ ಆಹೇರ, ಎಂದರೆ ಉಡುಗೊರೆ ಸಲ್ಲುತ್ತದೆ. ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳಿದ ಮೇಲೆ ಕುರುಕ್ಷೇತ್ರ ಯುದ್ಧ ನಿಂತಲ್ಲಿಂದ ಮುಂದುವರಿಯುತ್ತದೆ.

ಈ ರಂಗದ ದೊಡ್ಡ ನಾಟಕಕಾರ ಕಂದಗಲ್ಲ ಹನುಮಂತರಾಯರು. ಅವರ ‘ರಕ್ತರಾತ್ರಿ’ ಮಹಾಭಾರತ ಯುದ್ಧದ ಕೊನೆಯ ಕರಾಳ ರಾತ್ರಿಯನ್ನು, ತಂದೆ ದ್ರೋಣನನ್ನು ಮೋಸದಿಂದ ಕಳೆದುಕೊಂಡ ಅಶ್ವತ್ಥಾಮನ ಸೇಡಿನ ಉರಿಯನ್ನು, ಕತ್ತಲಲ್ಲಿ ಮಲಗಿದ್ದ ಪಾಂಡವರ ಮಕ್ಕಳು ಹತರಾಗುವ ಘೋರವನ್ನು ರಂಗಕ್ಕೆ ತರುತ್ತದೆ.

ಅಶ್ವತ್ಥಾಮ ಹುಟ್ಟು ಪಾತಕಿಯಲ್ಲ, ತಂದೆಗಾದ ಅನ್ಯಾಯ ಅವನನ್ನು ಅಲ್ಲಿಗೆ ತಳ್ಳಿದೆ. ಹೀಗಾಗಿ ಪ್ರೇಕ್ಷಕ ಅವನ ಕೃತ್ಯಕ್ಕೆ ಹೇಸುತ್ತಲೇ ಅವನ ದುಃಖಕ್ಕೆ ಮರುಗುತ್ತಾನೆ. ಮರುಗಿದ ಮನಸ್ಸು ಸುಲಭವಾಗಿ ತಲುಪುವ ತೀರ್ಮಾನವೆಂದರೆ ಇದೆಲ್ಲ ವಿಧಿಯಾಟ, ಹಣೆಬರಹ, ಆಗಬೇಕಾದ್ದು ಆಯಿತು ಎಂಬುದು. ಯಾರನ್ನೂ ಪೂರ್ತಿ ದ್ವೇಷಿಸಗೊಡದ ಈ ತೀರ್ಮಾನದಲ್ಲಿ ದೊಡ್ಡ ಮಾನವೀಯತೆಯಿದೆ; ಅದರ ಜೊತೆಗೇ, ಯಾರೂ ಹೊಣೆ ಹೊರಬೇಕಾಗಿಲ್ಲ ಎಂಬ ಅಪಾಯವೂ ಇದೆ.

> ಕಂದಗಲ್ಲರ ರಂಗ
> ಈಗಿನ ಬಾಗಲಕೋಟೆ ಜಿಲ್ಲೆಯ ಕಂದಗಲ್ಲದವರಾದ ಹನುಮಂತರಾಯರು (1896–1966) ‘ಕನ್ನಡದ ಶೇಕ್ಸ್‌ಪಿಯರ್’ ಎಂದು ಉತ್ತರ ಕರ್ನಾಟಕದಲ್ಲಿ ಹೆಸರಾದವರು. ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಚಿತ್ರಾಂಗದಾ’, ‘ಅಕ್ಷಯಾಂಬರ’ ಮೊದಲಾದ ನಾಟಕಗಳನ್ನು ಬರೆದರು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿಡಲಾಗಿದೆ.

### ಸಾಯುವ ಚಿರಂಜೀವಿ, ಬಾಗುವ ಬ್ರಾಹ್ಮಣ

ಇದೇ ಅಶ್ವತ್ಥಾಮನನ್ನು ಕನ್ನಡದ ಇನ್ನೊಬ್ಬ ಲೇಖಕರು ಬೇರೊಂದು ದಾರಿಯಿಂದ ತಲುಪಿದ್ದರು. ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಪ್ರಕಟಿಸಿದ ‘ಅಶ್ವತ್ಥಾಮನ್’ ಗ್ರೀಕ್ ನಾಟಕಕಾರ ಸೊಫೊಕ್ಲೀಸನ ‘ಅಯಾಸ್’ ಎಂಬ ದುರಂತದ ಚೌಕಟ್ಟಿನಲ್ಲಿ ಮಹಾಭಾರತದ ಕಥೆಯನ್ನು ಕೂಡಿಸಿದ ರುದ್ರನಾಟಕ. ಉದಾತ್ತ ವ್ಯಕ್ತಿಯೊಬ್ಬ ತನ್ನದೇ ದೋಷದಿಂದಲೋ ತನಗೆ ಮೀರಿದ ಶಕ್ತಿಗಳಿಂದಲೋ ಪತನಗೊಳ್ಳುವುದನ್ನು ತೋರಿಸಿ, ನೋಡುವವರಲ್ಲಿ ಭಯವನ್ನೂ ಕರುಣೆಯನ್ನೂ ಹುಟ್ಟಿಸುವ ನಾಟಕಕ್ಕೆ ಹೊಸಗನ್ನಡದಲ್ಲಿ ರುದ್ರನಾಟಕ ಎಂಬ ಹೆಸರು ಬಳಕೆಗೆ ಬಂದಿತು.

ವ್ಯಾಸ ಭಾರತದಲ್ಲಿ ಅಶ್ವತ್ಥಾಮನಿಗೆ ಬಿಡುಗಡೆಯಿಲ್ಲ. ಹಣೆಯ ಮಣಿಯನ್ನು ಕಳೆದುಕೊಂಡು, ಕೃಷ್ಣನ ಶಾಪ ಹೊತ್ತು, ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯುವುದೇ ಅವನ ಪಾಡು. ಶ್ರೀಕಂಠಯ್ಯನವರ ನಾಟಕದಲ್ಲಿ ಪುರಾಣದ ಈ ಚಿರಂಜೀವಿ ತನ್ನ ಕೈಯಾರೆ ಸಾಯುತ್ತಾನೆ. ಪರಂಪರೆಯನ್ನು ಮುರಿದ ಈ ಬದಲಾವಣೆ ಆಕ್ಷೇಪಣೆಗೆ ಗುರಿಯಾಯಿತು. ಆದರೆ ತಪ್ಪಿನ ಭಾರವನ್ನು ಶಾಪಕ್ಕೆ ಬಿಡದೆ ತಾನೇ ಹೊರುವ ವೀರನನ್ನು ಕನ್ನಡ ರಂಗಕ್ಕೆ ಕೊಟ್ಟದ್ದು ಅದೇ ಬದಲಾವಣೆ.

ಕುವೆಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1944ರ ‘ಶೂದ್ರ ತಪಸ್ವಿ’ಯಲ್ಲಿ ತಪಸ್ಸು ಮಾಡುತ್ತಿರುವ ಶಂಬೂಕನನ್ನು ಕೊಲ್ಲಲು ರಾಮ ಬಿಟ್ಟ ಅಸ್ತ್ರ, ಆ ಕೊಲೆಯನ್ನು ಬೇಡಿ ಬಂದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ, ಅವನು ತನ್ನ ಜಾತಿಯ ಕುರುಡನ್ನು ಅರಿತು ತಪಸ್ವಿಗೆ ತಲೆಬಾಗಿದ ಮೇಲೆಯೇ ಉಳಿಯುತ್ತಾನೆ. ತಪ್ಪು ಮಾಡಿದವನು ಯಾರಿಗೆ ತಪ್ಪು ಮಾಡಿದನೋ ಅವರ ಮುಂದೆಯೇ ಬಾಗಬೇಕು ಎಂಬ ಈ ವಿಮೋಚನೆಯ ಕಲ್ಪನೆಗೆ ಗ್ರೀಕ್ ಮಾದರಿಯ ಹಂಗಿಲ್ಲ.

ಏಕಲವ್ಯನ ಕಥೆಯನ್ನು ಹೇಳುವ ‘ಬೆರಳ್‌ಗೆ ಕೊರಳ್’ (1947) ನಾಟಕದಲ್ಲಿಯೂ ಕರ್ಮವೆಂದರೆ ಹಿಂದಿನ ಜನ್ಮದ ಅಗೋಚರ ಲೆಕ್ಕವಲ್ಲ. ಶಿಷ್ಯನ ಬೆರಳನ್ನು ಬೇಡಿದ ಕೃತ್ಯವೇ ಬೆಳೆದು ಗುರುವಿನ ಕೊರಳಿಗೆ ಬರುತ್ತದೆ. ವಿಧಿ ಎಂಬ ಹಳೆಯ ಮಾತಿನ ಒಳಗೆ ಮನುಷ್ಯನ ಕೃತ್ಯವನ್ನು ಹುಡುಕುವ ಕೆಲಸ ಹೀಗೆ ಕಲ್ಯಾಣದ ನಾಟಕಗಳಿಗಿಂತ ಮೊದಲೇ ಕನ್ನಡದಲ್ಲಿ ಆರಂಭವಾಗಿತ್ತು.

### ಈಡಿಪಸ್ ಪಕ್ಕದಲ್ಲಿ ಬಸವಣ್ಣ

1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಬಿ.ವಿ. ಕಾರಂತರು ನಿರ್ದೇಶಿಸಿದ ಮೂರು ನಾಟಕಗಳು ಆಧುನಿಕ ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದವು. ಒಂದು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಉಳಿದೆರಡೂ ಪಿ. ಲಂಕೇಶರ ಲೇಖನಿಯಿಂದ ಬಂದವು: ಸೊಫೊಕ್ಲೀಸನ ನಾಟಕದ ಅನುವಾದವಾದ ‘ದೊರೆ ಈಡಿಪಸ್’ ಮತ್ತು ಕಲ್ಯಾಣದ ಕಥೆಯಾದ ‘ಸಂಕ್ರಾಂತಿ’.

ಈ ಜೋಡಣೆ ಗಮನಿಸಬೇಕಾದದ್ದು. ಈಡಿಪಸ್ ಹುಟ್ಟುವ ಮೊದಲೇ ಅವನ ಪಾಪವನ್ನು ದೈವವಾಣಿ ನುಡಿದುಬಿಟ್ಟಿದೆ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವ ವಿಧಿಯಿಂದ ತಪ್ಪಿಸಿಕೊಳ್ಳಲು ಅವನು ಇಟ್ಟ ಒಂದೊಂದು ಹೆಜ್ಜೆಯೂ ಅವನನ್ನು ಅದರ ಬಾಯಿಗೇ ತಳ್ಳುತ್ತದೆ. ಸತ್ಯ ತಿಳಿದಾಗ ತನ್ನ ಕಣ್ಣುಗಳನ್ನು ತಾನೇ ತಿವಿದುಕೊಳ್ಳುವುದರಲ್ಲಿ ಮಾತ್ರ ಅವನ ಸ್ವಾತಂತ್ರ್ಯವಿದೆ.

‘ಸಂಕ್ರಾಂತಿ’ಯ ಕಲ್ಯಾಣದಲ್ಲಿ ದೈವವಾಣಿಯಿಲ್ಲ. ಅಸ್ಪೃಶ್ಯರ ಕೇರಿಯ ರುದ್ರನೂ ಬ್ರಾಹ್ಮಣ ಕನ್ಯೆ ಉಷೆಯೂ ಪ್ರೀತಿಸಿದ್ದಾರೆ, ರುದ್ರ ಶರಣನಾಗಿದ್ದಾನೆ, ಅವನ ತಂದೆ ಉಜ್ಜ ತನ್ನ ಹಳೆಯ ಬದುಕಿನ ಕಸುವನ್ನು ಹೊಸ ಧರ್ಮಕ್ಕೆ ಒತ್ತೆಯಿಡಲು ಸಿದ್ಧನಿಲ್ಲ. ಸುಧಾರಣೆಯ ಕನಸು ಕಂಡ ಬಸವಣ್ಣನೂ ಅಧಿಕಾರದ ಮಣ್ಣಿನಲ್ಲಿ ಕಾಲೂರಿದ ಬಿಜ್ಜಳನೂ ಇಲ್ಲಿ ಪರಸ್ಪರ ಬಲ್ಲ ಇಬ್ಬರು ಮನುಷ್ಯರಾಗಿ ಎದುರುಬದುರು ನಿಲ್ಲುತ್ತಾರೆ.

ಈಡಿಪಸ್‌ನ ಪತನಕ್ಕೆ ಮೂಲ ಅವನು ತಿಳಿಯದೆ ಮಾಡಿದ ಕೃತ್ಯ. ಕಲ್ಯಾಣದವರು ಎಲ್ಲವನ್ನೂ ತಿಳಿದೇ ಮಾಡುತ್ತಾರೆ. ಬಯಲು ರಂಗದಲ್ಲಿ ಅಕ್ಕಪಕ್ಕ ನಿಂತ ಈ ಎರಡು ನಾಟಕಗಳ ನಡುವಿನ ಅಂತರವೇ ಕನ್ನಡದ ಆಧುನಿಕ ದುರಂತ ನಾಟಕದ ಹುಟ್ಟುನೆಲ.

> ಚರಿತ್ರೆ ಎಷ್ಟು, ಕಾವ್ಯ ಎಷ್ಟು
> ಬಸವಣ್ಣನವರನ್ನು ಉಲ್ಲೇಖಿಸುವ ಶಾಸನಗಳಲ್ಲಿ ಪ್ರಮುಖವಾದದ್ದು 1260ರ ಅರ್ಜುನವಾಡ ಶಾಸನ. ಹರಿಹರನ ‘ಬಸವರಾಜದೇವರ ರಗಳೆ’, ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’, 1369ರ ಭೀಮಕವಿಯ ಕನ್ನಡ ‘ಬಸವಪುರಾಣ’ ಇವು ಶರಣರ ಕಡೆಯಿಂದ ಕಥೆ ಹೇಳುತ್ತವೆ. ಜೈನ ಕವಿ ಧರಣಿ ಪಂಡಿತನ ‘ಬಿಜ್ಜಳರಾಯ ಚರಿತೆ’ ಅರಸನ ಕಡೆಯಿಂದ ಹೇಳುತ್ತದೆ. ಒಂದೇ ಘಟನೆಗೆ ಇಷ್ಟು ಸಾಕ್ಷಿಗಳು ಬೇರೆ ಬೇರೆ ಮಾತಾಡುವುದರಿಂದಲೇ ನಾಟಕಕಾರನಿಗೆ ಎಡೆ ಸಿಕ್ಕಿತು.

### ಮೂರು ನಿರ್ಧಾರಗಳು

ಪರಂಪರೆ ಹೇಳುವ ಕಥೆ ಸರಳವಾದದ್ದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಶರಣನಾದ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು. ವರ್ಣಸಂಕರವೆಂದು ಸನಾತನಿಗಳು ಕೆರಳಿದರು. ಇಬ್ಬರು ಬೀಗರಿಗೂ ಘೋರ ಮರಣದಂಡನೆಯಾಯಿತು. ಬಸವಣ್ಣ ಕೂಡಲಸಂಗಮಕ್ಕೆ ಹೊರಟುಹೋದರು. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಗಿ ಶರಣರು ದಿಕ್ಕಾಪಾಲಾದರು.

1990ರಲ್ಲಿ ಪ್ರಕಟವಾದ ‘ತಲೆದಂಡ’ ಈ ಸರಳ ಕಥೆಯೊಳಗಿನ ಕವಲುದಾರಿಗಳನ್ನು ಒಂದೊಂದಾಗಿ ಬೆಳಕಿಗೆ ತರುತ್ತದೆ. ಅಪರಾಧಕ್ಕೆ ದಂಡವಾಗಿ ತಲೆಯನ್ನೇ ಒಪ್ಪಿಸುವುದು ತಲೆದಂಡ. ಮಂಡಲ ವರದಿ ಮತ್ತು ಅಯೋಧ್ಯೆಯ ಮಂದಿರದ ವಿವಾದಗಳು ದೇಶವನ್ನು ಕಲಕತೊಡಗಿದ್ದ ಹೊತ್ತಿನಲ್ಲಿ ಕಾರ್ನಾಡರು ಇದನ್ನು ಬರೆದರು.

ಮೊದಲ ಕವಲು ಬೊಕ್ಕಸದ್ದು. ಬಸವಣ್ಣ ಖಜಾನೆಯನ್ನು ದುರುಪಯೋಗ ಮಾಡಿದ್ದಾರೆಂದು ಸಾಬೀತು ಮಾಡಹೊರಟ ರಾಜಕುಮಾರ ಸೋವಿದೇವನಿಗೆ ಲೆಕ್ಕ ಚೊಕ್ಕವಾಗಿರುವುದು ಕಂಡಾಗ ಜನ ಅದನ್ನು ಪವಾಡವೆಂದು ಕೊಂಡಾಡುತ್ತಾರೆ. ಪ್ರಾಮಾಣಿಕವಾಗಿ ಲೆಕ್ಕ ಇಟ್ಟದ್ದು ಪವಾಡವಾಗುವುದು ಬಸವಣ್ಣನಿಗೆ ಒಪ್ಪಿಗೆಯಿಲ್ಲ. ಮನುಷ್ಯನ ಕಾಯಕವನ್ನು ದೇವರ ಖಾತೆಗೆ ಹಾಕಿದರೆ ಮನುಷ್ಯನ ಹೊಣೆಯೂ ಅಲ್ಲಿಗೇ ಹೋಗುತ್ತದೆ.

ಇಲ್ಲಿ ಜಗದೇವನ ಪತನವೂ ಆರಂಭವಾಗುತ್ತದೆ. ಬೊಕ್ಕಸವನ್ನು ಕಾದದ್ದು ತನ್ನ ಸಾಹಸ, ಹೆಸರು ಬಂದದ್ದು ಪವಾಡಕ್ಕೆ ಎಂಬ ಕಹಿ ಅವನಲ್ಲಿ ಉಳಿದುಬಿಡುತ್ತದೆ. ಈ ಸಣ್ಣ ಗಾಯ ಮುಂದೆ ಧರ್ಮದ ಹೆಸರಿನ ಹಿಂಸೆಯಾಗಿ ಬೆಳೆಯುವುದನ್ನು ಕಾರ್ನಾಡರು ಅವಸರವಿಲ್ಲದೆ ತೋರಿಸುತ್ತಾರೆ.

ಎರಡನೆಯ ಕವಲು ಮದುವೆಯದು, ಮತ್ತು ನಾಟಕದ ನೈತಿಕ ಗಂಟು ಇರುವುದು ಇಲ್ಲಿಯೇ. ಹರಳಯ್ಯ ಮಧುವರಸರು ಸಂಬಂಧ ಕುದುರಿದ ಸುದ್ದಿ ತಂದಾಗ ಬಸವಣ್ಣ ಸಂಭ್ರಮಿಸುವ ಬದಲು ಬೆಚ್ಚುತ್ತಾನೆ. ಜಾತಿಯಿಲ್ಲ ಎಂದು ಸಾರಿದವನು ಈ ಮದುವೆ ಬೇಡವೆಂದರೆ ಆಡಿದ ಮಾತೆಲ್ಲ ಸುಳ್ಳಾಗುತ್ತದೆ. ಆಗಲಿ ಎಂದರೆ ಎರಡು ಎಳೆಯ ಜೀವಗಳನ್ನೂ ಅವರ ಮನೆಮಂದಿಯನ್ನೂ ಬೆಂಕಿಗೆ ಒಡ್ಡಿದಂತಾಗುತ್ತದೆ.

ಈ ಇಕ್ಕಟ್ಟಿಗೆ ಸರಿಯುತ್ತರವಿಲ್ಲ. ಮದುವೆಗೆ ಒಪ್ಪುವುದರಲ್ಲಿಯೂ ನಿರಾಕರಿಸುವುದರಲ್ಲಿಯೂ ಪಾಪವಿದೆ, ಎರಡರಲ್ಲೊಂದನ್ನು ಆರಿಸದೆ ವಿಧಿಯಿಲ್ಲ. ಗೆಳೆಯನೂ ಅರಸನೂ ಆದ ಬಿಜ್ಜಳ ಮದುವೆಯನ್ನು ತಡೆಯಲು ಬಂದು, ಕೊನೆಗೆ ಅದಕ್ಕೆ ರಕ್ಷಣೆ ಕೊಡುವುದೂ ಇಂಥದೇ ಇನ್ನೊಂದು ಆಯ್ಕೆ. ಅದರ ಬೆಲೆಯಾಗಿ ಅವನು ಮಗನ ಕೈಯಲ್ಲಿಯೇ ಸಿಂಹಾಸನವನ್ನು ಕಳೆದುಕೊಳ್ಳುತ್ತಾನೆ.

ಮೂರನೆಯ ಕವಲು ಕೊಲೆಯದು. ಹರಳಯ್ಯ ಮಧುವರಸರ ಹತ್ಯೆಗೆ ಸೇಡು ತೀರಿಸಲು ಹೊರಟ ಜಗದೇವನ ಕತ್ತಿಗೆ ಸಿಕ್ಕುವವನು ನಿಜವಾದ ಅಪರಾಧಿಯಲ್ಲ. ಅಧಿಕಾರ ಕಳೆದುಕೊಂಡು ನಿಸ್ಸಹಾಯಕನಾಗಿ ಶಿವನ ಸನ್ನಿಧಿಯಲ್ಲಿ ನಿಂತ, ಆ ಮದುವೆಗೆ ಹಿಂದೊಮ್ಮೆ ಕಾವಲಾಗಿದ್ದ ಬಿಜ್ಜಳ. ತಂದೆಯ ಸಾವಿನ ಮನೆಯಲ್ಲಿ ನ್ಯಾಯದ ಹೆಸರಿನಲ್ಲಿ ಕರುಣೆಯನ್ನು ಬಿಟ್ಟವನು ಗುಡಿಯೊಳಗೆ ಸೇಡಿನ ಹೆಸರಿನಲ್ಲಿ ನ್ಯಾಯವನ್ನೂ ಬಿಡುತ್ತಾನೆ.

ಈ ಮೂರು ಕವಲುಗಳಲ್ಲಿ ಎಲ್ಲಿಯೂ ವಿಧಿ ಬಂದು ಯಾರ ಕೈಯನ್ನೂ ಹಿಡಿದು ನಡೆಸುವುದಿಲ್ಲ. ಹೀಗೇ ಆಗಬೇಕಾಗಿರಲಿಲ್ಲ ಎಂಬ ಅರಿವು ನೋಡುವವರ ಎದೆಯಲ್ಲಿ ಕುಳಿತುಬಿಡುತ್ತದೆ, ಮತ್ತು ಅದು ವಿಧಿಯ ದುಃಖಕ್ಕಿಂತ ಹೆಚ್ಚು ಕಾಲ ಕಾಡುತ್ತದೆ.

### ಬಿಡುಗಡೆ ಯಾರಿಗೆ

ಇಂಥ ದುರಂತದ ಕೊನೆಗೆ ಬಿಡುಗಡೆ ಯಾರಿಗೆ ಎಂಬ ಪ್ರಶ್ನೆಗೆ ಧಾರ್ಮಿಕ ನಾಟಕ ಪರಂಪರೆಯಲ್ಲಿ ಉತ್ತರ ಸ್ಪಷ್ಟವಿತ್ತು. ಏಣಗಿ ಬಾಳಪ್ಪನವರು (1914–2017) ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನಾಗಿ ನಿಂತಾಗ ನೋಡಲು ಬಂದವರು ಪಾತ್ರಧಾರಿಯಲ್ಲಿ ಗುರುವನ್ನೇ ಕಾಣುತ್ತಿದ್ದರು. ಅಲ್ಲಿ ಕೂಡಲಸಂಗಮದ ಐಕ್ಯವೆಂದರೆ ಮುಕ್ತಿ, ದುಃಖದ ಕೊನೆ. ಭಕ್ತಿಯ ಆ ರಂಗ ಕಲ್ಯಾಣದ ನೆನಪನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದ ಉಪಕಾರವನ್ನು ಮರೆಯಲಾಗದು.

ಆಧುನಿಕ ನಾಟಕಕಾರರಿಗೆ ಈ ನೆಮ್ಮದಿ ಸಾಲಲಿಲ್ಲ. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986) ಅರಮನೆಯಿಂದ ಕಣ್ಣು ಕಿತ್ತು, ಕಾಯಕದಿಂದ ಹೊಟ್ಟೆ ಹೊರೆಯುವ ಶರಣರ ಕೇರಿಗಳತ್ತ ನೋಡಿತು. ಕಾಯಕವೆಂದರೆ ಸತ್ಯಶುದ್ಧವಾದ ದುಡಿಮೆಯನ್ನೇ ಪೂಜೆಯೆಂದು ಬಗೆಯುವ ಶರಣ ತತ್ವ. ಆ ತತ್ವವನ್ನು ಬದುಕಿದ ಬಡವರಿಗೆ ಕಲ್ಯಾಣದ ಪತನ ಏನಾಗಿತ್ತು ಎಂಬುದು ಈ ನಾಟಕದ ಚಿಂತೆ. ವಿಶ್ವವಿದ್ಯಾಲಯದ ಪಠ್ಯವಾದಾಗ 1990ರ ದಶಕದಲ್ಲಿ ಇದು ತೀವ್ರ ವಿರೋಧವನ್ನು ಎದುರಿಸಿತು. ಎಂಟು ಶತಮಾನಗಳ ಹಿಂದಿನ ಕಥೆ ಇನ್ನೂ ಹಸಿಯಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ವಚನಗಳನ್ನು ಜೀವಮಾನವಿಡೀ ಸಂಶೋಧಿಸಿದ ಎಂ.ಎಂ. ಕಲಬುರ್ಗಿಯವರೂ ‘ಕೆಟ್ಟಿತ್ತು ಕಲ್ಯಾಣ’ ಎಂಬ ನಾಟಕ ಬರೆದರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಅವರು ಗುಂಡಿಗೆ ಬಲಿಯಾದ ಮೇಲೆ, ವಿಚಾರಕ್ಕೆ ತಲೆ ತೆರುವ ಕಥೆಯನ್ನು ಹಳೆಯ ಕಾಲದ್ದೆಂದು ಓದುವುದು ಕನ್ನಡಿಗರಿಗೆ ಸಾಧ್ಯವಾಗಿಲ್ಲ.

ಕನ್ನಡದಾಚೆಗೂ ಕಲ್ಯಾಣದ ಪ್ರಶ್ನೆ ಹೋಗಿದೆ. ರಾಮಗೋಪಾಲ ಬಜಾಜ್ ಅವರು ‘ರಕ್ತಕಲ್ಯಾಣ’ ಎಂಬ ಹೆಸರಿನಲ್ಲಿ ಹಿಂದಿಗೆ ತಂದ ‘ತಲೆದಂಡ’ವನ್ನು ಇಬ್ರಾಹಿಂ ಅಲ್ಕಾಜಿ 1992ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ನಿರ್ದೇಶಿಸಿದರು. ಆ ವರ್ಷದ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಮಸೀದಿ ಉರುಳಿತು. ಧರ್ಮದ ಹೆಸರಿನಲ್ಲಿ ಸೇರಿದ ಗುಂಪು ಏನು ಮಾಡಬಲ್ಲದು ಎಂಬುದನ್ನು ನಾಟಕ ಮೊದಲೇ ತೋರಿಸಿತ್ತು.

ಈ ನಾಟಕಗಳಲ್ಲಿ ಯಾವ ಪಾತ್ರಕ್ಕೂ ಪೂರ್ತಿ ಬಿಡುಗಡೆಯಿಲ್ಲ. ಬಸವಣ್ಣ ಹೊರಟುಹೋದರೂ ಅವನ ಹಿಂದೆ ರಕ್ತ ಹರಿಯುತ್ತದೆ, ಜಗದೇವನ ಸೇಡು ಶರಣರನ್ನೇ ಸುಡುತ್ತದೆ, ಸೋವಿದೇವನ ಪಟ್ಟಾಭಿಷೇಕ ಹೊಸ ದಮನದ ಘೋಷಣೆಯಾಗುತ್ತದೆ. ತೆರೆ ಬಿದ್ದಾಗ ಲೆಕ್ಕ ಬಾಕಿ ಉಳಿದಿರುತ್ತದೆ, ಮತ್ತು ಆ ಬಾಕಿ ಪ್ರೇಕ್ಷಕನ ಹೆಗಲೇರುತ್ತದೆ.

ಜಾತಿ ಮೀರಿ ಮದುವೆಯಾದವರನ್ನು ಮರ್ಯಾದೆಯ ಹೆಸರಿನಲ್ಲಿ ಹೆತ್ತವರೇ ಕೊಲ್ಲುವ ಸುದ್ದಿಗಳು ಕರ್ನಾಟಕದಲ್ಲಿ ಇನ್ನೂ ನಿಂತಿಲ್ಲ. ಹರಳಯ್ಯ ಮಧುವರಸರಿಗೆ ಸಿಗಬೇಕಾದ ನ್ಯಾಯ ಚರಿತ್ರೆಯಲ್ಲಿ ಸಿಗಲಾರದು. ಇಂದು ಅಂಥ ಒಂದು ಮದುವೆ ಸುರಕ್ಷಿತವಾಗಿ ನಡೆದರೆ ಅದೇ ಅವರ ಬಲಿಗೆ ಸಲ್ಲುವ ಪ್ರಾಯಶ್ಚಿತ್ತ. ವಿಮೋಚನೆಯನ್ನು ರಂಗದಿಂದ ಊರೊಳಗೆ ಕಳುಹಿಸುವುದೇ ಕಲ್ಯಾಣದ ನಾಟಕಗಳ ದೊಡ್ಡ ಸಾಧನೆ.

> ರಂಗದ ಮೇಲೆ ಕಲ್ಯಾಣ
> ‘ಸಂಕ್ರಾಂತಿ’ (ಪಿ. ಲಂಕೇಶ್, 1971): ಪ್ರೇಮ ಮತ್ತು ಸುಧಾರಣೆಯ ಘರ್ಷಣೆ.
> ‘ಮಹಾಚೈತ್ರ’ (ಎಚ್.ಎಸ್. ಶಿವಪ್ರಕಾಶ್, 1986): ಕಾಯಕಜೀವಿಗಳ ಕಣ್ಣಿನ ಕಲ್ಯಾಣ.
> ‘ತಲೆದಂಡ’ (ಗಿರೀಶ ಕಾರ್ನಾಡ, 1990): ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1994.
> ‘ಕೆಟ್ಟಿತ್ತು ಕಲ್ಯಾಣ’ (ಎಂ.ಎಂ. ಕಲಬುರ್ಗಿ): ಸಂಶೋಧಕರೊಬ್ಬರ ನಾಟಕ.
> ‘ಶಿವರಾತ್ರಿ’ (ಚಂದ್ರಶೇಖರ ಕಂಬಾರ): ಒಂದೇ ರಾತ್ರಿಯಲ್ಲಿ ಹಿಡಿದಿಟ್ಟ ಕಲ್ಯಾಣ.

### ಜಾತ್ರೆಯ ರಂಗಕ್ಕೆ ತಲೆದಂಡ

ಕಲಬುರಗಿಯಲ್ಲಿ ಇಂದು ರಂಗಾಯಣವಿದೆ, ಇಲ್ಲಿಯೇ ಹುಟ್ಟಿದ ಚಿತ್ರಕಲಾವಿದ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರವಿದೆ. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು, 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. 1997ರಿಂದ ನಾಡಿನುದ್ದಕ್ಕೂ ನಾಟಕ ಒಯ್ಯುತ್ತಿರುವ ಸಾಣೇಹಳ್ಳಿಯ ಶಿವಸಂಚಾರದಂಥ ಪ್ರಯತ್ನವೂ ಕಣ್ಣ ಮುಂದಿದೆ. ಸ್ಮಾರಕಗಳು ಎದ್ದು ನಿಲ್ಲುತ್ತಿರುವ ಈ ಕಾಲದಲ್ಲಿಯೇ ಕಲ್ಯಾಣದ ಕಠಿಣ ಪ್ರಶ್ನೆಗಳು ಜನರ ನಡುವೆ ಉಳಿಯಬೇಕಾದ ಅಗತ್ಯ ಹೆಚ್ಚಾಗಿದೆ, ಏಕೆಂದರೆ ಮಹಾತ್ಮನ ಮೂರ್ತಿಗೆ ಕೈಮುಗಿಯುವುದು ಸುಲಭ, ಅವನ ಇಕ್ಕಟ್ಟನ್ನು ತನ್ನದೆಂದು ತಿಳಿಯುವುದು ಕಷ್ಟ.

ಆ ಕೆಲಸ ನಾಟಕದಿಂದ ಮಾತ್ರ ಆಗಬಲ್ಲದು, ಮತ್ತು ಅದು ರಂಗಮಂದಿರದ ಗೋಡೆಗಳೊಳಗೆ ಮುಗಿಯಬಾರದು. ‘ರಕ್ತರಾತ್ರಿ’ಗೆ ವಾರಗಟ್ಟಲೆ ತಾಲೀಮು ಮಾಡುವ ಹಳ್ಳಿಯ ಹುಡುಗರಿಗೆ ‘ತಲೆದಂಡ’ದ ಮಾತು ಭಾರವಾಗಲಾರದು, ಅಶ್ವತ್ಥಾಮನ ಉರಿಯನ್ನು ಅರಿತವರಿಗೆ ಜಗದೇವನ ಉರಿ ಅಪರಿಚಿತವಲ್ಲ. ಕಮಲಾಪುರ ತಾಲ್ಲೂಕಿನ ಜಾತ್ರೆಗಳಲ್ಲಿ, ಗಂಜ್‌ನ ಹಮಾಲರೂ ಅಡತಿ ವ್ಯಾಪಾರಿಗಳೂ ಒಟ್ಟಿಗೆ ಕುಳಿತು ನೋಡುವ ಬಯಲಿನಲ್ಲಿ ಈ ನಾಟಕಗಳು ನಡೆಯಬೇಕು. ಹರಳಯ್ಯನ ಕಸುಬಿನವರು, ಮಧುವರಸನ ಕುಲದವರು, ಬಿಜ್ಜಳನ ಗತ್ತಿನವರು, ಎಲ್ಲರೂ ಇರುವ ಸಭೆ ಅದೊಂದೇ.

ಕಂದಗಲ್ಲರ ರಂಗ ಮತ್ತು ಕಾರ್ನಾಡರ ರಂಗ ಪರಸ್ಪರ ವೈರಿಗಳಾಗಬೇಕಾಗಿಲ್ಲ. ತಪ್ಪು ಮಾಡಿದವನಿಗಾಗಿಯೂ ಮರುಗುವ ಗುಣವನ್ನು ಮೊದಲನೆಯದು ಈ ಸೀಮೆಯ ಜನರಲ್ಲಿ ತಲೆಮಾರುಗಳಿಂದ ಬೆಳೆಸಿದೆ. ಆ ಮರುಕ ಹೊಣೆಗಾರಿಕೆಯಾಗಿ ಮಾಗಬೇಕೆಂದು ಎರಡನೆಯದು ಕೇಳುತ್ತಿದೆ. ಮರುಕವಿಲ್ಲದ ನ್ಯಾಯ ಜಗದೇವನನ್ನು ಕೊಲೆಗಾರನನ್ನಾಗಿ ಮಾಡಿತು, ಹೊಣೆಯಿಲ್ಲದ ಮರುಕ ಹಣೆಬರಹವೆಂದು ಕೈಚೆಲ್ಲಿ ಕೂರುತ್ತದೆ. ಈ ಎರಡನ್ನೂ ಒಂದೇ ಎದೆಯಲ್ಲಿ ಹಿಡಿಯಬಲ್ಲ ಪ್ರೇಕ್ಷಕರನ್ನು ಬೆಳೆಸಿದ ದಿನ ಈ ನೆಲದ ರಂಗಭೂಮಿ ಕಲ್ಯಾಣದ ಸಾಲವನ್ನು ತೀರಿಸತೊಡಗಿದಂತೆ.